ರಜಾಕಾರ ಎಂದರೆ ಸ್ವಯಂಸೇವಕ

ನಿಜಾಮರ ಹೈದರಾಬಾದ್ ಸಂಸ್ಥಾನ 1948ರಲ್ಲಿ ಭಾರತಕ್ಕೆ ಸೇರಿದ ನೆನಪಿಗೆ ಪ್ರತಿವರ್ಷ ಸೆಪ್ಟೆಂಬರ್ 17ರಂದು, ಆ ಸಂಸ್ಥಾನದಲ್ಲಿದ್ದ ಕಲಬುರಗಿಯಲ್ಲಿ ಸರ್ದಾರ್ ಪಟೇಲರ ಪ್ರತಿಮೆಗೆ ಹಾರ ಹಾಕುತ್ತಾರೆ, ಧ್ವಜ ಏರಿಸುತ್ತಾರೆ, ಭಾಷಣಗಳಲ್ಲಿ ‘ರಜಾಕಾರರ ಹಾವಳಿ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ರಜಾಕಾರ ಎಂಬ ಉರ್ದು ಪದಕ್ಕೆ ಸ್ವಯಂಸೇವಕ ಎಂದಷ್ಟೇ ಅರ್ಥ. ಆ ಅರ್ಥದಿಂದ ನಮ್ಮ ಹಿರಿಯರ ಭಯದವರೆಗೆ ಆ ಪದ ಹೇಗೆ ನಡೆದು ಬಂತು ಎಂಬುದನ್ನು ಯಾವ ಭಾಷಣವೂ ಹೇಳುವುದಿಲ್ಲ. ನನಗೆ ಬೇಕಾದದ್ದು ಅದೇ.

ಹೈದರಾಬಾದಿನಲ್ಲಿ 1927ರಲ್ಲಿ ಹುಟ್ಟಿದ ಮಜ್ಲಿಸ್-ಎ-ಇತ್ತೆಹಾದುಲ್ ಮುಸ್ಲಿಮೀನ್ ಮೊದಲಿಗೆ ಮುಸ್ಲಿಮರೊಳಗಿನ ಪಂಗಡಗಳನ್ನು ಒಂದುಗೂಡಿಸಲು ಹೊರಟ ಧಾರ್ಮಿಕ, ಸಾಂಸ್ಕೃತಿಕ ಸಂಘಟನೆಯಾಗಿತ್ತು. ಬಹಾದೂರ್ ಯಾರ್ ಜಂಗ್ 1938ರಲ್ಲಿ ಅಧ್ಯಕ್ಷರಾದ ಮೇಲೆ ಅದು ರಾಜಕೀಯಕ್ಕೆ ಇಳಿಯಿತು. 1944ರಲ್ಲಿ ಅವರು ತೀರಿಕೊಂಡು, ಮುಂದೆ ಲಾತೂರಿನ ವಕೀಲ ಕಾಸಿಂ ರಜ್ವಿಯ ಕೈಗೆ ಅಧಿಕಾರ ಬಂದಾಗ ರಜಾಕಾರರೆಂಬ ಸ್ವಯಂಸೇವಕ ದಳವೇ ಸಂಘಟನೆಯ ಮುಖವಾಯಿತು. 1947ರ ಅಕ್ಟೋಬರ್ 27ರಂದು ಭಾರತದೊಡನೆ ಒಪ್ಪಂದಕ್ಕೆ ದೆಹಲಿಗೆ ಹೊರಟಿದ್ದ ನಿಜಾಮರ ನಿಯೋಗದವರ ಮನೆಗಳನ್ನು ರಜ್ವಿಯ ಜನ ಸುತ್ತುವರಿದು ಪ್ರಯಾಣವನ್ನೇ ತಡೆದರು. ನನ್ನ ಮಟ್ಟಿಗೆ ಆ ದಿನ, ಮರುವರ್ಷ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರಟಾದಲ್ಲಿ ರಜಾಕಾರರು ನಡೆಸಿದ ಹತ್ಯೆಗಳಷ್ಟೇ ಮುಖ್ಯವಾದದ್ದು, ಏಕೆಂದರೆ ಸಂಘಟನೆಯೊಂದು ಸರ್ಕಾರವನ್ನೇ ತಡೆದು ನಿಲ್ಲಿಸಬಹುದು ಎಂದು ಹಳ್ಳಿಹಳ್ಳಿಯ ಹುಡುಗರಿಗೂ ಅಂದು ಗೊತ್ತಾಯಿತು. ಎದುರು ನಿಂತವರು ಮುಸ್ಲಿಮರೊಳಗೂ ಇದ್ದರು: ರಜಾಕಾರರ ವಿರುದ್ಧ ಬರೆಯುತ್ತಿದ್ದ ‘ಇಮ್ರೋಜ್’ ಸಂಪಾದಕ ಶೋಯಬುಲ್ಲಾ ಖಾನ್ ಅವರನ್ನು 1948ರ ಆಗಸ್ಟಿನಲ್ಲಿ ಕೊಂದರು.

ಆಳಂದ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಇದು ಹೇಗೆ ಬಂತೆಂದು ನಮ್ಮ ಆಯಿ ಹೇಳುತ್ತಿದ್ದಳು. ಪಿಂಜಾರರ ಮನೆಯ ಹುಡುಗನೊಬ್ಬ ಮೊದಲ ಸಲ ಬಂದದ್ದು ಚಂದಾ ಕೇಳಲು, ಕೈಯಲ್ಲಿ ರಸೀದಿ ಪುಸ್ತಕ ಹಿಡಿದು. ಮುತ್ತಜ್ಜ ಒಂದು ರೂಪಾಯಿ ಕೊಟ್ಟರಂತೆ. ಆಮೇಲೆ ಖಾಕಿ ಅಂಗಿ ತೊಟ್ಟು ಬಂದ, ಆಮೇಲೆ ಲಾಠಿ ಹಿಡಿದು, ಕೊನೆಗೆ ಬಂದೂಕು ಹೊತ್ತ ಪರಊರಿನವರ ಜೊತೆ. ಆ ದಿನ ಹೆಂಗಸರೆಲ್ಲ ಜೋಳದ ಹಗೇವಿನೊಳಗೆ ಇಳಿದು ಕುಳಿತಿದ್ದರು. ಹಗೇವು ಎಲ್ಲಿದೆಯೆಂದು ಚೆನ್ನಾಗಿ ಗೊತ್ತಿದ್ದರೂ ಆ ಹುಡುಗ ಬಾಯಿ ಬಿಡಲಿಲ್ಲ. ‘ಅವ ಕೆಟ್ಟಾವ ಇರಲಿಲ್ಲವ್ವ, ಅವನ್ನ ಕಳಿಸಿದವ್ರು ಇದ್ರು’ ಎನ್ನುತ್ತಿದ್ದಳು. ಚಂದಾ, ಖಾಕಿ, ಲಾಠಿ, ಬಂದೂಕು: ಇವುಗಳ ನಡುವೆ ಯಾವ ಹೆಜ್ಜೆಯಲ್ಲಿ ಊರಿನ ಹಿರಿಯರು, ಮೌಲ್ವಿ, ಪೊಲೀಸ್ ಪಟೇಲ ಬೇಡವೆನ್ನಬೇಕಿತ್ತು ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಲಾಠಿ ಬಂದಾಗಲೇ ಎಂದು ನನಗನಿಸುತ್ತದೆ.

ಇದು ಒಂದೇ ಕಡೆಯ ಕಥೆಯೂ ಅಲ್ಲ. ಗಡಿಯಾಚೆ, ಭಾರತದ ಪ್ರಾಂತ್ಯಗಳಲ್ಲಿ, ಸಂಸ್ಥಾನ ಭಾರತಕ್ಕೆ ಸೇರಬೇಕೆಂದು ಹೋರಾಡುತ್ತಿದ್ದ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನವರೂ ಶಸ್ತ್ರಸಜ್ಜಿತ ಶಿಬಿರಗಳನ್ನು ನಡೆಸಿದರು. ಅವರ ಹೋರಾಟದ ಗುರಿಯನ್ನು ನಾನು ಗೌರವಿಸುತ್ತೇನೆ, ಆದರೆ ಆಯುಧ ಹಿಡಿದವರು ಜಯ ಬಂದ ಮೇಲೆ ಅದನ್ನು ಕೆಳಗಿಡುವರೆಂಬ ಭರವಸೆ ಎಲ್ಲಿಯೂ ಇರಲಿಲ್ಲ. 1948ರ ಸೆಪ್ಟೆಂಬರ್ 13ರಿಂದ 17ರವರೆಗೆ ಭಾರತದ ಸೇನೆ ಸಂಸ್ಥಾನದೊಳಗೆ ನಡೆಸಿದ ‘ಪೊಲೀಸ್ ಕಾರ್ಯಾಚರಣೆ’ಯ ನಂತರ ಮುಸ್ಲಿಮರ ಮೇಲೆ ಸೇಡು ತೀರಿಸಿಕೊಳ್ಳುವ ಹಿಂಸೆ ಎದ್ದಿತು. ಅದನ್ನು ವಿಚಾರಿಸಲು ಬಂದ ಪಂಡಿತ ಸುಂದರಲಾಲ್ ಸಮಿತಿಯು ಸತ್ತವರ ಸಂಖ್ಯೆಯನ್ನು 27,000ದಿಂದ 40,000 ಎಂದು ಅಂದಾಜಿಸಿ, ಅತಿ ಹೆಚ್ಚು ಸಾವುಗಳಾದ ಜಿಲ್ಲೆಗಳಲ್ಲಿ ಗುಲ್ಬರ್ಗಾ ಮತ್ತು ಬೀದರ್‌ಗಳನ್ನೂ ಹೆಸರಿಸಿತು. ಆ ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ.

ನಮ್ಮೂರ ಹುಡುಗ ಅಷ್ಟರಲ್ಲಿ ಊರು ಬಿಟ್ಟಿದ್ದ. ಗುಂಪು ನುಗ್ಗಿದ್ದು ಅವನ ಅಪ್ಪನ ಮನೆಗೆ, ಯಾವ ಸಂಘಟನೆಗೂ ಸೇರದೆ ಪ್ರತಿವರ್ಷ ನಮ್ಮ ಮನೆಗೆ ಬಂದು ಹತ್ತಿ ಹಿಂಜಿಕೊಡುತ್ತಿದ್ದ ಮುದುಕನ ಮನೆಗೆ. ಆ ಚಳಿಗಾಲದಲ್ಲಿ ಹಿಂಜುವವರಿಲ್ಲದೆ ಮನೆಯ ಗಾದಿಗಳೆಲ್ಲ ಗಂಟುಗಟ್ಟಿಯೇ ಉಳಿದವು ಎಂದು ಆಯಿ ಹೇಳುತ್ತಿದ್ದಳು.