ಪೆಟ್ಟಿಗೆಗೆ ಎರಡು ಬೀಗ

ಈಸ್ಟರ್‌ಗೆ ಮೊದಲಿನ ತಪಸ್ಸುಕಾಲ ಬಂತೆಂದರೆ ನಮ್ಮ ಕಡೆ ‘ಸೇವಕ ನಾಯಕತ್ವ’ದ, ಅಂದರೆ ಮುಂದಾಳು ಎಲ್ಲರ ಸೇವಕನಂತಿರಬೇಕು ಎಂದು ಕಲಿಸುವ ಶಿಬಿರ ಒಂದಾದರೂ ಇರುತ್ತದೆ. ಪ್ರೊಜೆಕ್ಟರ್ ಹಾಕುತ್ತಾರೆ, ಯೇಸು ತಮ್ಮ ಶಿಷ್ಯ ಪೇತ್ರನ ಕಾಲು ತೊಳೆಯುವ ಚಿತ್ರ ಗೋಡೆ ಮೇಲೆ ಮೂಡುತ್ತದೆ, ಎಲ್ಲರೂ ತಲೆದೂಗುತ್ತಾರೆ, ಊಟ ಮುಗಿಸಿ ಚದುರುತ್ತಾರೆ. ಮುಂದಿನ ಭಾನುವಾರ ಚರ್ಚಿನ ದಾನಸಂಘದಲ್ಲಿ ಅದೇ ಅಧ್ಯಕ್ಷರು, ಅದೇ ಕುರ್ಚಿ. ಬೀರುವಿನ ಬೀಗದ ಕೈ ಅದೇ ಜೇಬಿನಲ್ಲಿ. ಶಿಬಿರ ಮಾಡಿದವರ ತಪ್ಪೇನಿಲ್ಲ. ವಿನಯವನ್ನು ಮನುಷ್ಯನ ಗುಣಕ್ಕೆ ಬಿಟ್ಟರೆ ಇಷ್ಟೇ ಆಗುವುದು. ಕಥೋಲಿಕ ದಾನಧರ್ಮದ ಪರಂಪರೆ ಕಟ್ಟಿದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಬೀಗ ಎಷ್ಟಿರಬೇಕು, ಯಾವ ಮನೆಗೆ ಮೊದಲು ಹೋಗಬೇಕು, ಅಧ್ಯಕ್ಷರು ಕುರ್ಚಿ ಬಿಟ್ಟು ಯಾವಾಗ ಏಳಬೇಕು ಎಂಬುದನ್ನೆಲ್ಲ ಬರೆದಿಟ್ಟರು.

‘ಸೇವಕ ನಾಯಕ’ ಎಂಬ ಪದವನ್ನು ಈಗಿನ ಚಲಾವಣೆಗೆ ತಂದದ್ದು ರಾಬರ್ಟ್ ಗ್ರೀನ್‌ಲೀಫ್ ಎಂಬ ಅಮೆರಿಕದವರು, 1970ರ ಒಂದು ಪ್ರಬಂಧದಲ್ಲಿ. ಎಟಿ ಅಂಡ್ ಟಿ ಟೆಲಿಫೋನ್ ಕಂಪನಿಯಲ್ಲಿ ದುಡಿದವರು, ಕ್ವೇಕರ್ ಎಂಬ ಕ್ರೈಸ್ತ ಪಂಥದವರು. ಕಥೋಲಿಕರಲ್ಲಿ ವಿಚಾರ ಇನ್ನೂ ಹಳೆಯದು. 590ರಿಂದ 604ರವರೆಗೆ ಪೋಪ್ ಆಗಿದ್ದ ಮಹಾ ಗ್ರೆಗೊರಿ ತಮ್ಮನ್ನು ‘ದೇವರ ಸೇವಕರ ಸೇವಕ’ ಎಂದು ಕರೆದುಕೊಂಡರು. ಆ ಬಿರುದು ಈಗಲೂ ಉಳಿದಿದೆ. ತುಮಕೂರಿನ ಕಡೆಯವರಿಗೆ ಇಷ್ಟೆಲ್ಲ ಹೇಳಬೇಕಿಲ್ಲ. ಸಿದ್ಧಗಂಗೆಯ ದಾಸೋಹ ನೋಡಿದವರಿಗೆ, ಪಂಕ್ತಿಯಲ್ಲಿ ಬಡಿಸುವವನು ಕೊನೆಗೆ ಉಣ್ಣುತ್ತಾನೆ ಎಂದರೆ ಸಾಕು.

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೂರೂ ಜಿಲ್ಲೆಗಳು ಬೆಂಗಳೂರು ಮಹಾಧರ್ಮಕ್ಷೇತ್ರಕ್ಕೆ, ಅಂದರೆ ಬೆಂಗಳೂರಿನ ಆರ್ಚ್‌ಬಿಷಪ್ಪರ ಆಡಳಿತಕ್ಕೆ ಸೇರಿದವು. ಇಲ್ಲಿನ ಧರ್ಮಕೇಂದ್ರವೊಂದರಲ್ಲಿ (ಪ್ಯಾರಿಷ್) ಬಡವರ ಮನೆಗೆ ಹೋಗಿ ನೆರವಾಗುವ ವಿನ್ಸೆಂಟ್ ದಿ ಪೌಲ್ ಸಂಘ ಶುರು ಮಾಡುವವರಿಗೆ, ಇಲ್ಲವೇ ಮಲಗಿರುವ ಸಂಘವನ್ನು ಎಬ್ಬಿಸುವವರಿಗೆ ಕೆಲಸಕ್ಕೆ ಬರುವಂಥ ನಾಲ್ಕು ಮಾತು ಬರೆಯುತ್ತಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ಕೋಲಾರ ಮತ್ತು ಕೆಜಿಎಫ್ ಕಡೆಯವು.

ಮೂಲಕ್ಕೆ ಹೋಗೋಣ. 1617ರ ಆಗಸ್ಟ್. ಫ್ರಾನ್ಸಿನ ಶಾತಿಯೋನ್ ಎಂಬ ಸಣ್ಣ ಊರು. ಈ ಸಂಘ ಯಾರ ಹೆಸರಿನಲ್ಲಿದೆಯೋ ಆ ವಿನ್ಸೆಂಟರು ಅಲ್ಲಿಯ ಚರ್ಚಿನ ಗುರುಗಳು. ಭಾನುವಾರ ಪೂಜೆಗೆ ಸಿದ್ಧರಾಗುತ್ತಿರುವಾಗ ಸುದ್ದಿ ಬಂತು: ಊರಾಚೆಯ ಒಂದು ಮನೆಯಲ್ಲಿ ಎಲ್ಲರೂ ಕಾಯಿಲೆ ಬಿದ್ದಿದ್ದಾರೆ, ನೀರು ಕೊಡುವವರೂ ಇಲ್ಲ. ಪೂಜೆಯ ಪ್ರವಚನದಲ್ಲಿ ಅದನ್ನು ಜನರಿಗೆ ಹೇಳಿದರು. ಮಧ್ಯಾಹ್ನ ತಾವೇ ಹೊರಟಾಗ ದಾರಿ ತುಂಬ ಹೆಂಗಸರು. ಬುಟ್ಟಿ ಹೊತ್ತು ಹೋಗುವವರು, ಕೊಟ್ಟು ಬರುವವರು, ಬಿಸಿಲಿಗೆ ಮರದಡಿ ಕೂತವರು. ನೋಡಿ ಅವರು ಖುಷಿಪಟ್ಟು ಸುಮ್ಮನಾಗಲಿಲ್ಲ. ಇಷ್ಟೊಂದು ಅನ್ನ ಒಂದೇ ದಿನ ಬಂದರೆ ಕೆಡುತ್ತದೆ, ಮುಂದಿನ ವಾರ ಅದೇ ಮನೆ ಮತ್ತೆ ಉಪವಾಸ ಎಂದು ಲೆಕ್ಕ ಹಾಕಿದರು. ಕೆಲವೇ ದಿನಗಳಲ್ಲಿ ಹೆಂಗಸರ ಸಂಘವಾಯಿತು, ವರ್ಷ ಮುಗಿಯುವುದರೊಳಗೆ ಲಿಖಿತ ನಿಯಮವೂ ಆಯಿತು.

ಆ ನಿಯಮ ಓದಿದರೆ ಅಡುಗೆಮನೆ ಕಾಣುತ್ತದೆ. ರೋಗಿಯನ್ನು ನಗುಮುಖದಿಂದ ಮಾತಾಡಿಸಬೇಕು. ಹಾಸಿಗೆಯ ಮೇಲೆ ತಟ್ಟೆಗೆ ಜಾಗ ಮಾಡಿ, ಬಟ್ಟೆ ಹಾಸಿ, ಲೋಟ, ಚಮಚ, ರೊಟ್ಟಿ ಇಟ್ಟು, ಕೈ ತೊಳೆಸಿ, ಆಮೇಲೆ ಬಡಿಸಬೇಕು. ಮನೆಯಲ್ಲಿ ನೋಡಿಕೊಳ್ಳುವವರು ಇರುವ ರೋಗಿಗಳ ಬಳಿಗೆ ಮೊದಲು ಹೋಗಬೇಕು, ಒಂಟಿಯಾಗಿರುವವರ ಬಳಿಗೆ ಕೊನೆಗೆ. ಅಲ್ಲಿ ಮುಂದಿನ ಮನೆಯ ಅವಸರವಿಲ್ಲದೆ ಹೆಚ್ಚು ಹೊತ್ತು ಕೂರಬಹುದು. ಹಣದ ಪೆಟ್ಟಿಗೆಗೆ ಎರಡು ಬೇರೆ ಬೇರೆ ಬೀಗ, ಬೀಗದ ಕೈಗಳು ಇಬ್ಬರ ಬಳಿ. ನಾಯಕಿ ಎಷ್ಟೇ ಪ್ರಾಮಾಣಿಕಳಾಗಿರಲಿ, ಒಬ್ಬಳೇ ಪೆಟ್ಟಿಗೆ ತೆರೆಯುವಂತಿಲ್ಲ.

ಶಾತಿಯೋನಿನ ಬುಟ್ಟಿಗಳ ಕಥೆ ನಮ್ಮಲ್ಲಿ ಪ್ರತಿ ಡಿಸೆಂಬರ್‌ನಲ್ಲೂ ನಡೆಯುತ್ತದೆ. ಕ್ರಿಸ್ಮಸ್ ವಾರದಲ್ಲಿ ಒಂದೇ ಮನೆಗೆ ಮೂರು ಕಂಬಳಿ, ನಾಲ್ಕು ಕೇಕು. ಶಾಲೆ ತೆರೆಯುವ ಜೂನ್‌ನಲ್ಲಿ ನೋಟ್‌ಬುಕ್ಕಿಗೆ ಕೇಳಿದರೆ ಸಂಘದ ಖಾತೆ ಬರಿದು. ವರ್ಷದ ಹನ್ನೆರಡು ತಿಂಗಳನ್ನು ಒಂದು ಹಾಳೆಯಲ್ಲಿ ಬರೆದು, ದಾನಿಗಳಿಗೆ ತಿಂಗಳು ಹಂಚಿಬಿಡುವುದು ಇದಕ್ಕೆ ಮದ್ದು. ‘ನಿಮ್ಮದು ಜೂನ್, ನಿಮ್ಮದು ಆಗಸ್ಟ್’ ಎಂದು ಮೊದಲೇ ಹೇಳಿದರೆ ಬಹಳ ಜನ ಒಪ್ಪುತ್ತಾರೆ. ಮಗಳ ಹುಟ್ಟುಹಬ್ಬಕ್ಕೇ ಕೊಡಬೇಕು ಎನ್ನುವವರಿಂದ ಹಣವಾಗಿ ತೆಗೆದುಕೊಳ್ಳಿ, ಸಾಮಾನಾಗಿ ಬೇಡ.

ಸಾಮಾನಿನ ಮಾತು ಬಂತು. ಅಕ್ಕಿ ಮೂಟೆ ಹಂಚುವುದು ಫೋಟೊಗೆ ಚೆನ್ನ. ಆದರೆ ಬಿಪಿಎಲ್ ಕಾರ್ಡ್ ಇರುವ ಮನೆಗೆ ಅಕ್ಕಿ ರೇಷನ್ ಅಂಗಡಿಯಿಂದ ಬರುತ್ತದೆ. ಆ ಮನೆಯಲ್ಲಿ ಮುಗಿಯುವುದು ಎಣ್ಣೆ, ಬೇಳೆ, ಸೋಪು, ಮಾತ್ರೆ, ಬಸ್ ಚಾರ್ಜು. ಇಬ್ಬರು ಮುದುಕರಿರುವ ಮನೆಗೆ ತಿಂಗಳಿಗೆ ತೊಗರಿಬೇಳೆ 1 ಕೆಜಿ, ಎಣ್ಣೆ 1 ಲೀಟರ್, ಹುಣಸೆಹಣ್ಣು 250 ಗ್ರಾಂ, ಖಾರದಪುಡಿ 100 ಗ್ರಾಂ, ಉಪ್ಪು 1 ಕೆಜಿ, ಟೀ ಪುಡಿ 100 ಗ್ರಾಂ, ಮೈಸೋಪು ಎರಡು, ಬಟ್ಟೆ ಸೋಪು ನಾಲ್ಕು ಕೊಟ್ಟರೆ ಸಾರು–ಮುದ್ದೆಯ ಸಂಸಾರ ನಡೆಯುತ್ತದೆ. ಹಲ್ಲಿಲ್ಲದವರಿಗೆ ಹುರುಳಿಕಾಳು ಕೊಡಬೇಡಿ. ಸಕ್ಕರೆ ಕಾಯಿಲೆ ಇರುವವರಿಗೆ 2 ಕೆಜಿ ಸಕ್ಕರೆ ಕೊಟ್ಟು ಬರುವ ಸಂಘಗಳೂ ಇವೆ. ಎಲ್ಲರಿಗೂ ಒಂದೇ ಕಿಟ್ ಎಂಬುದು ಕೊಡುವವರ ಅನುಕೂಲಕ್ಕೆ ಹುಟ್ಟಿದ ಏರ್ಪಾಡು. ಮನೆ ನೋಡದೆ ಪಟ್ಟಿ ಮಾಡಿದರೆ ಹೀಗೇ ಆಗುವುದು.

ಮನೆಭೇಟಿಯೇ ಈ ಸಂಘದ ಜೀವ. ಯಾವಾಗಲೂ ಇಬ್ಬರು ಹೋಗಬೇಕು. ಒಬ್ಬರು ಕೇಳಿಸಿಕೊಂಡದ್ದನ್ನು ಇನ್ನೊಬ್ಬರು ತೂಗಿ ನೋಡಬಹುದು. ನಾಳೆ ಯಾವುದಾದರೂ ಮಾತು ಬಂದರೆ ಸಾಕ್ಷಿಯೂ ಉಂಟು. ಜೋಡಿ ಹಾಕುವಾಗ ಭಾಷೆ ನೋಡಿ. ಕೆಜಿಎಫ್‌ನ ಲೈನ್ ಮನೆಗಳಲ್ಲಿ ತಮಿಳು, ಆಂಧ್ರದ ಗಡಿಯ ಹಳ್ಳಿಗಳಲ್ಲಿ ತೆಲುಗು. ಕಷ್ಟ ಹೇಳಿಕೊಳ್ಳುವುದು ಮನೆಮಾತಿನಲ್ಲೇ. ವೇಳೆಯೂ ಮುಖ್ಯ. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ದುಡಿಯುವ ಜನ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ರಾತ್ರಿ ಮರಳುತ್ತಾರೆ. ಮಂಗಳವಾರ ಬೆಳಗ್ಗೆ ಹನ್ನೊಂದಕ್ಕೆ ಬಾಗಿಲು ತಟ್ಟಿದರೆ ಸಿಗುವುದು ಮುದುಕರು, ಮಕ್ಕಳು. ಸಾಲ ಎಷ್ಟು, ಯಾರಿಂದ ಎಂದು ಗೊತ್ತಿರುವವರು ಸಿಗುವುದಿಲ್ಲ. ಗಣಿ ದೂಳಿನಿಂದ ಬರುವ ಸಿಲಿಕೋಸಿಸ್ ಕಾಯಿಲೆಯಿಂದ ಉಸಿರು ಕಟ್ಟುವ ಹಳೆಯ ಗಣಿ ಕಾರ್ಮಿಕನಿಗೆ ಬೇಕಾದದ್ದು ಕಿಟ್ ಅಲ್ಲದೆಯೂ ಇರಬಹುದು. ಆಸ್ಪತ್ರೆಗೆ ಜೊತೆಗೆ ಬಂದು ಚೀಟಿ ಮಾಡಿಸಿ, ಸಾಲಿನಲ್ಲಿ ನಿಂತು, ಮಾತ್ರೆ ಕೈಗಿಡುವ ಒಬ್ಬ ಮನುಷ್ಯ ಸಾಕು.

ಒಳಗೆ ಹೋದ ಮೇಲೆ ಕೂರಿ. ಚಾಪೆ ಹಾಕಿದರೆ ಚಾಪೆ ಮೇಲೆ ಕೂರಿ. ಟೀ ಕೊಟ್ಟರೆ ಕುಡಿಯಿರಿ. ಬೇಡವೆಂದರೆ ಬಡವರ ಮನೆಯ ಆತಿಥ್ಯವನ್ನು ತಳ್ಳಿದಂತೆ. ನೋಟ್‌ಬುಕ್ ಹೊರಗೆ ತೆಗೆಯಬೇಡಿ, ಬೀದಿಗೆ ಬಂದ ಮೇಲೆ ಬರೆದುಕೊಳ್ಳಿ. ಮೊಬೈಲ್ ಜೇಬಿನಲ್ಲೇ ಇರಲಿ. ಫೋಟೊ ಬೇಕೇ ಬೇಕು ಎನ್ನುವ ದಾನಿಗೆ ಸಾಮಾನಿನ ಬಿಲ್ಲಿನ ಫೋಟೊ ಕಳಿಸಿ. ಕೈಯೊಡ್ಡಿ ನಿಂತ ಮುದುಕಿಯ ಫೋಟೊ ವಾಟ್ಸ್ಆ್ಯಪ್ ಗ್ರೂಪಿಗೆ ಹೋದರೆ ಆಕೆಯ ಮೊಮ್ಮಗನೂ ಅದನ್ನು ನೋಡುತ್ತಾನೆ.

ಕೊಡುವುದಕ್ಕಿಂತ ಹೆಚ್ಚು ಉಪಯೋಗದ ಕೆಲಸ ಕಾಗದಪತ್ರದ್ದು. 65 ದಾಟಿದವರಿಗೆ ಸಂಧ್ಯಾ ಸುರಕ್ಷಾ, ಗಂಡ ಇಲ್ಲದವರಿಗೆ ವಿಧವಾ ವೇತನ, ಎರಡಕ್ಕೂ ನಾಡಕಚೇರಿಯಲ್ಲಿ ಅರ್ಜಿ. ಅರ್ಜಿ ನಿಲ್ಲುವುದು ಎಲ್ಲಿ ಎಂದರೆ, ಆಧಾರ್‌ನಲ್ಲಿ ವಯಸ್ಸು ತಪ್ಪು, ಹೆಸರು ಒಂದೊಂದು ಕಡೆ ಒಂದೊಂದು ಥರ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿಲ್ಲ, ಕೂಲಿ ಮಾಡಿ ಸವೆದ ಬೆರಳಿನ ಗುರುತನ್ನು ಮೆಷಿನ್ ತೆಗೆದುಕೊಳ್ಳುತ್ತಿಲ್ಲ. ಪಿಂಚಣಿ ಬಂದರೆ ಆ ಮುದುಕಿ ಸಂಘದ ಬಾಗಿಲಿಗೆ ಬರಬೇಕಿಲ್ಲ. ಕೆಲವು ಅಧ್ಯಕ್ಷರಿಗೆ ಇದೇ ಕಷ್ಟ. ಬರುವವರು ಕಡಿಮೆಯಾದರೆ ತಮ್ಮ ಬೆಲೆ ಕಡಿಮೆಯಾದಂತೆ ಅನ್ನಿಸುತ್ತದೆ. ಮೂರು ತಿಂಗಳಿಗೊಮ್ಮೆ ಪ್ರತಿ ಮನೆಯ ವಿಷಯವನ್ನೂ ಮತ್ತೆ ಎತ್ತಿ, ಇನ್ನೂ ಬೇಕೇ ಎಂದು ಕೇಳುವುದನ್ನು ರೂಢಿ ಮಾಡಿ.

ಸಭೆಗೆ ಬರೋಣ. ಪ್ರಾರ್ಥನೆ, ಒಂದು ವಾಚನ, ಹಿಂದಿನ ಸಭೆಯ ವರದಿ, ಖಜಾಂಚಿಯ ಲೆಕ್ಕ, ಮನೆಭೇಟಿಯ ವರದಿ, ಹೊಸ ಕೋರಿಕೆ, ಗುಪ್ತ ಕಾಣಿಕೆ, ಮುಕ್ತಾಯ ಪ್ರಾರ್ಥನೆ. ಒಂದು ಗಂಟೆ ಸಾಕು. ಕೆಡುವುದು ಒಂದೇ ಕಡೆ: ಹಬ್ಬದ ಊಟದ ಲೆಕ್ಕಕ್ಕೆ ನಲವತ್ತು ನಿಮಿಷ, ಮನೆಭೇಟಿಗೆ ಐದು. ಸಂತ ಬೆನೆಡಿಕ್ಟರು ಮಠಕ್ಕೆ ಬರೆದ ನಿಯಮದ 3ನೇ ಅಧ್ಯಾಯದಲ್ಲಿ, ಮುಖ್ಯ ವಿಷಯವಿದ್ದಾಗ ಎಲ್ಲರನ್ನೂ ಕರೆಯಿರಿ, ಮೇಲಾದದ್ದನ್ನು ದೇವರು ಎಷ್ಟೋ ಸಲ ಕಿರಿಯನಿಗೆ ತೋರಿಸುತ್ತಾನೆ ಎಂದಿದೆ. ಇದನ್ನು ಹೀಗೆ ಅಳವಡಿಸಬಹುದು: ಕೋರಿಕೆಯ ಬಗ್ಗೆ ಮೊದಲು ಮಾತಾಡುವುದು ಆ ಮನೆಗೆ ಹೋದ ಜೋಡಿ, ಆಮೇಲೆ ಎಲ್ಲರಿಗಿಂತ ಹೊಸ ಸದಸ್ಯ, ಕೊನೆಗೆ ಅಧ್ಯಕ್ಷರು. ಅಧ್ಯಕ್ಷರು ಮೊದಲು ಬಾಯಿ ಬಿಟ್ಟರೆ ಉಳಿದವರು ‘ಹೌದು ಸಾರ್’ ಎನ್ನುತ್ತಾರೆ, ಅಲ್ಲಿಗೆ ಸಭೆ ಮುಗಿಯಿತು. ವರದಿ ಪುಸ್ತಕದಲ್ಲಿ ಕುಟುಂಬದ ಹೆಸರು ಬೇಡ, ‘7ನೇ ಮನೆ’ ಎಂದು ಬರೆದರೆ ಸಾಕು. ಹೆಸರಿನ ಪಟ್ಟಿ ಬೇರೆ ಕಡೆ ಬೀಗದಲ್ಲಿರಲಿ.

ಗುಪ್ತ ಕಾಣಿಕೆ ಎಂದರೆ ಬಟ್ಟೆಯ ಚೀಲ. ಸದಸ್ಯರು ಮುಷ್ಟಿ ಒಳಗಿಟ್ಟು ತೆಗೆಯುತ್ತಾರೆ. ಹತ್ತು ರೂಪಾಯಿ ಹಾಕಿದ್ದು, ಸಾವಿರ ಹಾಕಿದ್ದು, ಏನೂ ಹಾಕದೆ ಇದ್ದದ್ದು ಯಾರಿಗೂ ಕಾಣುವುದಿಲ್ಲ. ಟೊಮೆಟೊ ಮಂಡಿಯ ಮಾಲೀಕನೂ ಅಲ್ಲಿ ಮೂಟೆ ಹೊರುವವನೂ ಒಂದೇ ಸಭೆಯಲ್ಲಿ ಸಮನಾಗಿ ಕೂರಲು ಆ ಚೀಲವೇ ಕಾರಣ. ಇದನ್ನು ಬಿಟ್ಟು ‘ಇವರು 5,000 ಕೊಟ್ಟರು’ ಎಂದು ಓದತೊಡಗಿದ ದಿನದಿಂದ ಬಡ ಸದಸ್ಯರು ಸಭೆಗೆ ಬರುವುದು ನಿಲ್ಲುತ್ತದೆ. ಇದಕ್ಕಿಂತ ದೊಡ್ಡ ಅಪಾಯ ತಮ್ಮ ಜೇಬಿನಿಂದಲೇ ಎಲ್ಲಕ್ಕೂ ಕೊಡುವ ಅಧ್ಯಕ್ಷರು. ಒಳ್ಳೆಯವರೇ. ಆದರೆ ಅವರನ್ನು ಪ್ರಶ್ನೆ ಕೇಳುವವರಿಲ್ಲ, ಅವರು ಊರು ಬಿಟ್ಟರೆ ಸಂಘವೇ ಇಲ್ಲ.

ಹಣದ ವಿಷಯ ಚುರುಕಾಗಿ ಹೇಳಿಬಿಡುತ್ತೇನೆ. ಇಂದಿನ ಎರಡು ಬೀಗವೆಂದರೆ ಬ್ಯಾಂಕಿನಲ್ಲಿ ಇಬ್ಬರ ಸಹಿ. ಖಾಲಿ ಚೆಕ್ಕಿಗೆ ಮೊದಲೇ ಸಹಿ ಹಾಕಿಟ್ಟರೆ ಎರಡನೇ ಬೀಗ ಮುರಿದಂತೆ. ಗಂಡ–ಹೆಂಡತಿ, ಅಣ್ಣ–ತಮ್ಮ ಜೊತೆಯಾಗಿ ಸಹಿದಾರರಾಗಬಾರದು. ಸದಸ್ಯರ ಅಂಗಡಿಯಿಂದಲೇ ಕಿಟ್ ಕೊಳ್ಳುವುದಾದರೆ ಇನ್ನೆರಡು ಅಂಗಡಿಯ ದರ ತರಿಸಿ, ಆ ತೀರ್ಮಾನದ ಹೊತ್ತಿಗೆ ಆ ಸದಸ್ಯರು ಹೊರಗಿರಲಿ. ಒಂದು ಉದ್ದೇಶಕ್ಕೆಂದು ಕೊಟ್ಟ ಕಾಣಿಕೆಯನ್ನು ಅದಕ್ಕೇ ಬಳಸಬೇಕು ಎಂದು ಕಥೋಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆಯ 1267ನೇ ವಿಧಿ ಹೇಳುತ್ತದೆ. ಆಪರೇಷನ್‌ಗೆ ಕೊಟ್ಟ ಹಣ ಉಳಿದರೆ ದಾನಿಯನ್ನು ಕೇಳಿಯೇ ಬೇರೆಡೆ ಹಾಕಿ. ದಾನಕ್ಕೆ ತೆರಿಗೆ ವಿನಾಯಿತಿಯ ರಸೀದಿ (80ಜಿ ಎಂದು ಹೆಸರಾದದ್ದು) ಕೊಡುವ ಸಂಸ್ಥೆಯಾದರೆ, 2,000 ರೂಪಾಯಿ ಮೀರಿದ ನಗದಿಗೆ ದಾನಿಗೆ ತೆರಿಗೆ ವಿನಾಯಿತಿ ಸಿಗುವುದಿಲ್ಲವೆಂದು ಮೊದಲೇ ಹೇಳಿ. ತಿಂಗಳ ಲೆಕ್ಕವನ್ನು ಚರ್ಚಿನ ನೋಟಿಸ್ ಬೋರ್ಡಿಗೆ ಅಂಟಿಸಿ: ಬಂದದ್ದು, ಹೋದದ್ದು, ಉಳಿದದ್ದು. ಉಳಿದದ್ದು ವರ್ಷವರ್ಷ ಬೆಳೆಯುತ್ತಿದ್ದರೆ ಅದು ಹೆಮ್ಮೆಯ ವಿಷಯವಲ್ಲ, ಹಣ ಕೂಡಿಡಬಾರದೆಂಬುದೂ ಈ ಸಂಘದ ನಿಯಮವೇ.

ಅಧ್ಯಕ್ಷಗಿರಿ ಒಟ್ಟು ಆರು ವರ್ಷ ಮೀರುವಂತಿಲ್ಲ. ಇದರ ಹಿಂದೆ ಒಂದು ಒಳ್ಳೆಯ ಉದಾಹರಣೆ ಇದೆ. ಫ್ರೆಡರಿಕ್ ಓಜನಾಮ್ ಮತ್ತು ಗೆಳೆಯರು ಪ್ಯಾರಿಸ್ಸಿನಲ್ಲಿ ವಿನ್ಸೆಂಟರ ಹೆಸರಿನ ಈಗಿನ ಸಂಘವನ್ನು ಆರಂಭಿಸಿದ್ದು 1833ರ ಏಪ್ರಿಲ್ 23ರಂದು; ಅವತ್ತು ಓಜನಾಮ್‌ಗೆ ಇಪ್ಪತ್ತು ತುಂಬಿತ್ತು. ಅಧ್ಯಕ್ಷತೆ ವಹಿಸಿದವರು ವಯಸ್ಸಿನಲ್ಲಿ ಹಿರಿಯರಾದ ಇಮ್ಯಾನುಯೆಲ್ ಬೈಯಿ. ಬಡವರ ಮನೆಗೆ ಹೋಗುವುದು ಹೇಗೆಂದು ಕಲಿಸಿದವರು ಸಿಸ್ಟರ್ ರೊಸಾಲಿ ರಾಂದ್ಯು. ಓಜನಾಮ್ ಆ ಸಂಘದ ಮಹಾಧ್ಯಕ್ಷರಾಗಲೇ ಇಲ್ಲ. 1997ರಲ್ಲಿ ಸಂತ ಪದವಿಗೆ ಹಿಂದಿನ ಮೆಟ್ಟಿಲಾದ ‘ಧನ್ಯ’ ಎಂದು ಘೋಷಿತರಾದರು. ನಮ್ಮಲ್ಲಿ ಆರು ವರ್ಷ ಮುಗಿದ ಮೇಲೆ ನಡೆಯುವುದೇ ಬೇರೆ: ಅಧ್ಯಕ್ಷರು ‘ಗೌರವ ಸಲಹೆಗಾರ’ರಾಗಿ ಅದೇ ಕುರ್ಚಿಯ ಪಕ್ಕ ಕೂರುತ್ತಾರೆ, ಹೊಸಬರು ಅವರ ಮುಖ ನೋಡಿ ಮಾತಾಡುತ್ತಾರೆ. ಇಳಿದವರು ಕನಿಷ್ಠ ಒಂದು ವರ್ಷ ಮನೆಭೇಟಿಯ ಸಾದಾ ಜೋಡಿಯಲ್ಲಿರಲಿ. ಪಾಸ್‌ಬುಕ್, ಸಹಿ ಬದಲಾವಣೆಯ ಅರ್ಜಿ, ಮನೆಗಳ ಪಟ್ಟಿ, ಬೀಗದ ಕೈ ಇವೆಲ್ಲ ಒಂದೇ ವಾರದೊಳಗೆ ಕೈ ಬದಲಾಗಬೇಕು. ಪ್ರತಿ ಮನೆಗೂ ಹಳಬರು ಹೊಸಬರನ್ನು ಒಮ್ಮೆ ಕರೆದುಕೊಂಡು ಹೋಗಬೇಕು, ಎರಡನೇ ಸಲ ಹೋಗಬಾರದು.

ಜಾತಿ, ಮತ ಕೇಳುವಂತಿಲ್ಲ. ಪೋಪ್ 16ನೇ ಬೆನೆಡಿಕ್ಟರು 2005ರ ತಮ್ಮ ವಿಶ್ವಪತ್ರದಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ, ದಾನವನ್ನು ಮತ ಹರಡುವ ಸಾಧನ ಮಾಡಬಾರದು. ಬೇಳೆಯ ಪ್ಯಾಕೆಟ್ ಜೊತೆ ಕರಪತ್ರ ಇಡುವುದು ಕೆಲಸವನ್ನೂ ಕೆಡಿಸುತ್ತದೆ, ಹೆಸರನ್ನೂ ಕೆಡಿಸುತ್ತದೆ.

ಸಂಬಳದ ನೌಕರರಿರುವ ಹಾಸ್ಟೆಲ್, ಆಸ್ಪತ್ರೆಗಳಿಗೆ ಇನ್ನೊಂದು ನಿಯಮವುಂಟು. ಅದೇ ಪೋಪರು 2012ರಲ್ಲಿ, ಧರ್ಮಸಭೆಯ ಸೇವಾ ಸಂಸ್ಥೆಗಳ ಸಂಬಳ ಮತ್ತು ಖರ್ಚು ಧರ್ಮಕ್ಷೇತ್ರದ (ಬಿಷಪ್ಪರ) ಕಚೇರಿಯ ಖರ್ಚಿಗೆ ಸರಿದೂಗುವಂತಿರಬೇಕು ಎಂದರು. 1931ರಿಂದ ಪೋಪರ ಬೋಧನೆಯಲ್ಲಿ ಬರುತ್ತಿರುವ ಇನ್ನೊಂದು ತತ್ವ: ಕೆಳಗಿನವರು ಮಾಡಬಲ್ಲದ್ದನ್ನು ಮೇಲಿನವರು ಕಿತ್ತುಕೊಳ್ಳಬಾರದು. ಹಾಸ್ಟೆಲಿನ ಬಲ್ಬು ಹೋದರೆ ವಾರ್ಡನ್ ಬೆಂಗಳೂರಿಗೆ ಫೋನ್ ಮಾಡಬೇಕಾದರೆ ಈ ತತ್ವ ಗೋಡೆಯ ಮೇಲೆ ಮಾತ್ರ ಇದೆ ಎಂದರ್ಥ. ವಾರ್ಡನ್, ಅಡುಗೆಯವರು, ನರ್ಸ್ ಇವರಲ್ಲಿ ಯಾರು ಯಾರನ್ನೂ ಕೇಳದೆ ಎಷ್ಟು ಖರ್ಚು ಮಾಡಬಹುದೆಂದು ಬರೆದುಕೊಡಿ.

ಕೊನೆಯದಾಗಿ ಉಗ್ರಾಣ. ಸಂತ ಬೆನೆಡಿಕ್ಟರ ನಿಯಮದ 31ನೇ ಅಧ್ಯಾಯ ಮಠದ ಉಗ್ರಾಣಿಗೆ ಹೇಳುತ್ತದೆ, ಪಾತ್ರೆ ಪರಿಕರಗಳನ್ನೆಲ್ಲ ಬಲಿಪೀಠದ ಪಾತ್ರೆಗಳಂತೆ ಕಾಣು ಎಂದು. ನಮ್ಮ ಸಂಘಗಳ ಬೀರು ತೆರೆದರೆ ಹುಳು ಬಿದ್ದ ರವೆ, ಮುಗ್ಗಲು ಹಿಡಿದ ಕಂಬಳಿ, ದಿನಾಂಕ ಮೀರಿದ ಮಾತ್ರೆ ಸಿಗುತ್ತವೆ. ಬೇಳೆ ಡಬ್ಬಿಗೆ ಒಣಮೆಣಸಿನಕಾಯಿ ಹಾಕಿಡಿ, ಕಂಬಳಿಯನ್ನು ಮಳೆಗಾಲ ಮುಗಿದ ಮೇಲೆ ಒಂದು ದಿನ ಬಿಸಿಲಿಗೆ ಹಾಕಿ, ಹಳೆಯದು ಮುಂದೆ, ಹೊಸದು ಹಿಂದೆ ಜೋಡಿಸಿ. ಬಳಸಿದ ಬಟ್ಟೆ ಬಂದರೆ ಒಗೆದು, ಗುಂಡಿ ಹೊಲಿದು, ಇಸ್ತ್ರಿ ಮಾಡಿ ಕೊಡಿ; ಹರಿದದ್ದನ್ನು ಒರೆಸುವ ಬಟ್ಟೆ ಮಾಡಿಕೊಳ್ಳಿ. ಈ ಕೆಲಸಕ್ಕೆ ಸರದಿ ಹಾಕುವಾಗ ಮೊದಲ ತಿಂಗಳಿಗೆ ಅಧ್ಯಕ್ಷರ ಹೆಸರನ್ನೇ ಬರೆಯಿರಿ.