ಟೀಚರ್ ಬಿಟ್ಟು ಹೋಗಿ ತಮ್ಮದೇ ಕ್ಲಾಸ್ ಶುರು ಮಾಡಿದ್ರೆ ಅದು ದ್ರೋಹನಾ?

ನಾನು ಡ್ಯಾನ್ಸ್ ಕ್ಲಾಸ್ ನಡೆಸ್ತೀನಿ ಅಂತ ಗೊತ್ತಾದವರೆಲ್ಲ ಕೇಳೋದು ಇದನ್ನೇ, ನಿಮ್ಮ ಹತ್ರ ಇದ್ದ ಟೀಚರ್ ಬಿಟ್ಟು ಹೋಗಿ ಪಕ್ಕದಲ್ಲೇ ಸ್ವಂತ ಕ್ಲಾಸ್ ಹಾಕಿದ್ರೆ ಅದು ದ್ರೋಹ ಅಲ್ವಾ ಅಂತ.

ಅಲ್ಲ. ಡ್ಯಾನ್ಸ್ ಬೆಳೆದಿರೋದೇ ಹೀಗೆ ಕಣ್ರೀ. ಅಮೆರಿಕದ ಮಾಡರ್ನ್ ಡ್ಯಾನ್ಸರ್ ಮಾರ್ಥಾ ಗ್ರಹಾಂ ಅಲ್ಲಿನ ಡೆನಿಶಾನ್ ಅನ್ನೋ ಡ್ಯಾನ್ಸ್ ಸ್ಕೂಲಲ್ಲಿ ಕಲಿತು, ಅಲ್ಲೇ ಪಾಠಾನೂ ಮಾಡಿ, 1923ರಲ್ಲಿ ಹೊರಗೆ ಬಂದ್ರು, 1926ರಲ್ಲಿ ತಮ್ಮದೇ ಕಂಪನಿ ಕಟ್ಟಿದ್ರು. 1928ರಲ್ಲಿ ಡೋರಿಸ್ ಹಂಫ್ರಿ, ಚಾರ್ಲ್ಸ್ ವೀಡ್ಮನ್ ಕೂಡ ಅದೇ ಸ್ಕೂಲ್ ಬಿಟ್ರು, ಆಮೇಲೆ ಗ್ರಹಾಂ ಕಂಪನಿಯಿಂದಲೇ ಮರ್ಸ್ ಕನ್ನಿಂಗ್‌ಹ್ಯಾಂ ಹೊರಟ್ರು. ಇವರೆಲ್ಲ ಇದ್ದಲ್ಲೇ ಉಳಿದಿದ್ರೆ ಮಾಡರ್ನ್ ಡ್ಯಾನ್ಸಲ್ಲಿ ಇವತ್ತು ಇಷ್ಟು ದಾರಿ ಎಲ್ಲಿ ಇರ್ತಿತ್ತು?

ನಾನು ತಪ್ಪು ಅನ್ನೋದು ಹೋಗೋ ರೀತಿಯನ್ನ. ಇನ್ನೂ ಸಂಬಳ ತಗೊಳ್ತಿರೋವಾಗಲೇ, ಕ್ಲಾಸ್ ಮುಗಿದು ಮಕ್ಕಳು ಶೂ ಹಾಕ್ಕೊಳ್ತಿರೋ ಹೊತ್ತಲ್ಲಿ ಬಾಗಿಲ ಹತ್ರ ನಿಂತು, ಒಬ್ಬೊಬ್ಬ ಪೇರೆಂಟ್‌ಗೂ ಮೆಲ್ಲಗೆ ‘ಮುಂದಿನ ತಿಂಗಳಿಂದ ನಂದೇ ಶುರು, ಫೀಸೂ ಕಮ್ಮಿ, ಇಲ್ಲಿ ಯಾರಿಗೂ ಹೇಳ್ಬೇಡಿ’ ಅನ್ನೋದು. ಆ ಪೇರೆಂಟ್ ಏನು ಮಾಡ್ಬೇಕು ಹೇಳಿ, ಮುಂದಿನ ವಾರ ನನ್ನ ಮುಖ ನೋಡೋಕಾಗದೆ ಫೋನ್ ನೋಡ್ತಾ ನಿಂತಿರ್ತಾರೆ. ಕ್ಲಾಸಿನ ವಾಟ್ಸಾಪ್ ಗ್ರೂಪಿಂದ ನಂಬರ್ ಎತ್ಕೊಂಡು ಹೋಗೋದೂ ಇದೇ ಜಾತಿ.

ಇನ್ನೂ ಕೆಟ್ಟದ್ದು ಅಂದ್ರೆ ಶೋ ಹತ್ತಿರ ಬಂದಾಗ ಬಿಡೋದು. ಐಟಂ ಅರ್ಧ ಕಲಿಸಿರ್ತಾರೆ, ಫಾರ್ಮೇಶನ್ ಬದಲಾಗೋ ಕಡೆ ಯಾರು ಎಡಕ್ಕೆ ಸರೀಬೇಕು ಯಾರು ಹಿಂದಿನ ಸಾಲಿಗೆ ಹೋಗ್ಬೇಕು ಅನ್ನೋದು ಅವರ ತಲೇಲಿ ಮಾತ್ರ ಇರುತ್ತೆ, ಮಕ್ಕಳು ಅಲ್ಲಿವರೆಗೂ ಚೆನ್ನಾಗಿ ಮಾಡಿ ಅಲ್ಲಿ ಬಂದು ಒಬ್ಬರ ಮುಖ ಒಬ್ಬರು ನೋಡ್ತಾ ನಿಂತ್ಕೊಳ್ತಾರೆ. ನಮ್ಮಿಬ್ಬರ ಜಗಳಕ್ಕೂ ಆ ಮಕ್ಕಳಿಗೂ ಏನ್ರೀ ಸಂಬಂಧ? ಶೋ ಮುಗಿಸಿ, ಮೊದಲು ನನಗೆ ಹೇಳಿ, ಆಮೇಲೆ ಊರಿಗೆಲ್ಲ ಪೋಸ್ಟರ್ ಹಾಕ್ಲಿ, ನಾನೇ ಶೇರ್ ಮಾಡ್ತೀನಿ.

ಕಲಿತದ್ದು ಅವರ ಜೊತೆ ಹೋಗುತ್ತೆ, ಹೋಗ್ಲಿ, ಸ್ಟೆಪ್ಸ್ ಯಾರ ಸ್ವತ್ತೂ ಅಲ್ಲ. ಆದ್ರೆ ಸ್ಕೂಲಿಗೆ ಅಂತ ಸಂಬಳ ತಗೊಂಡು ಮಾಡಿದ ಪೂರ್ತಿ ಐಟಂ ಬೇರೆ ವಿಷಯ, ಅದನ್ನ ಕೇಳಿ ಬಳಸ್ಬೇಕು. ಗ್ರಹಾಂ ತೀರಿಕೊಂಡ ಮೇಲೆ ಅಮೆರಿಕದ ಅಪೀಲು ಕೋರ್ಟು 2004ರಲ್ಲಿ, ಅವರು ಮಾಡಿದ ಬಹಳಷ್ಟು ಡ್ಯಾನ್ಸ್‌ಗಳ ಹಕ್ಕು ಅವರು ಕೆಲಸ ಮಾಡ್ತಿದ್ದ ಸಂಸ್ಥೆಯದ್ದೇ ಅಂತ ತೀರ್ಪು ಕೊಡ್ತು, ಅದೂ ಅವರ ಹೆಸರಲ್ಲೇ ಇದ್ದ ಸಂಸ್ಥೆ. ಅದಕ್ಕೇ ಯಾವ ಐಟಂ ಯಾರದ್ದು ಅಂತ ಕೆಲಸಕ್ಕೆ ಸೇರೋವಾಗಲೇ ಬರೆದಿಟ್ಕೊಳ್ಳೋದು ಇಬ್ಬರಿಗೂ ಒಳ್ಳೇದು.

ಕ್ಲಾಸ್ ನಡೆಸೋರಿಗೂ ಒಂದು ಮಾತು. ಕೊರಿಯೋಗ್ರಫಿ ಪೂರ್ತಿ ಅವರ ಕೈಲಿ ಮಾಡಿಸಿ ಶೋ ದಿನ ಸ್ಟೇಜ್ ಮೇಲೆ ಅವರ ಹೆಸರೂ ಹೇಳ್ದೆ ಇದ್ರೆ, ಹೋದಾಗ ನಿಯತ್ತಿನ ಪಾಠ ಮಾಡೋ ಹಕ್ಕು ನಮಗಿಲ್ಲ. ಮಕ್ಕಳಂತೂ ಯಾರ ಆಸ್ತಿನೂ ಅಲ್ಲ. ನಾನು ಅವರ ಹತ್ರ ಹೋಗ್ತೀನಿ ಮಿಸ್ ಅಂತ ಮಗು ಬಂದು ಹೇಳಿದ್ರೆ ಎಲ್ಲೀವರೆಗೆ ಕಲಿತಿದೆ, ಮೊಣಕಾಲು ನೋವಿದ್ರೆ ಅದನ್ನೂ, ಹೊಸ ಟೀಚರ್‌ಗೆ ಫೋನ್ ಮಾಡಿ ಹೇಳೇ ಕಳಿಸ್ತೀನಿ.