ಹುಬ್ಬಳ್ಳಿಯ ಗಾಳಿಯನ್ನು ಡಬ್ಬಿಯಲ್ಲಿ ತುಂಬಿ ನೇತ್ರಾಣಿಗೆ ಒಯ್ದೆ

ಹಬೆ ಹಿಡಿಯಲಿಲ್ಲ!

ಮೊನ್ನೆ ಭಾನುವಾರ ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಎರಡು ಡೈವ್ ಮಾಡಿದೆ. ಎರಡೂ ಸೇರಿ 78 ನಿಮಿಷ ನೀರೊಳಗೆ. ತೆಗೆದದ್ದು 214 ಫೋಟೋ. ಒಂದರಲ್ಲೂ ನಡುಮಧ್ಯೆ ಹಾಲು ಚೆಲ್ಲಿದಂಥ ಆ ಬಿಳಿ ಮಸುಕು ಇಲ್ಲ. ಕ್ಯಾಮೆರಾ ನೆನೆಯದಂತೆ ಇಡುವ ಡಬ್ಬಿಯ (ಹೌಸಿಂಗ್) ಗಾಜಿಗೆ ಒಳಗಿನಿಂದ ಹಬೆ ಕೂತು ಬರುವ ಮಸುಕು ಅದು. ನವೆಂಬರ್‌ನಿಂದ ಅದನ್ನು ಹೋಗಿಸಲು ಒದ್ದಾಡುತ್ತಿದ್ದೆ. ಹುಬ್ಬಳ್ಳಿಗೆ ಬಂದು ಇನ್ನೂ ಬ್ಯಾಗಿನ ಉಪ್ಪು ತೊಳೆದಿಲ್ಲ, ಬರೆಯಲು ಕೂತಿದ್ದೇನೆ.

ಓ-ರಿಂಗ್ (ಹೌಸಿಂಗ್ ಬಾಗಿಲಿನ ಸುತ್ತ ನೀರು ತಡೆಯುವ ರಬ್ಬರ್ ಬಳೆ) ಸ್ವಚ್ಛ ಮಾಡುವುದು, ಖಾಲಿ ಹೌಸಿಂಗ್ ಮುಳುಗಿಸಿ ನೋಡುವುದು, ಡೈವ್ ಆದಮೇಲೆ ಸಿಹಿನೀರಿನಲ್ಲಿ ನೆನೆಸುವುದು, ಇದೆಲ್ಲ ನಿಮಗೆ ಗೊತ್ತಿದ್ದದ್ದೇ. ಬಿಡೋಣ. ಒಂದು ಮಾತು ಮಾತ್ರ: ಓ-ರಿಂಗ್ ಒರೆಸಲು ಹತ್ತಿ ಬಟ್ಟೆ ಬೇಡ. ಒಂದೇ ಒಂದು ಎಳೆ ಅಲ್ಲಿ ಕೂತರೆ ನೀರಿಗೆ ದಾರಿ ಸಿಕ್ಕ ಹಾಗೆ. ನನ್ನ ರಿಂಗ್‌ಗಳನ್ನು ಗೋಕುಲ ರೋಡ್ ಕಡೆಯ ಪಂಪ್‌ಸೆಟ್ ಬಿಡಿಭಾಗದ ಅಂಗಡಿಯ ಕಾಕಾ ವರ್ನಿಯರ್ ಹಿಡಿದು ಅಳೆದು ಕೊಟ್ಟಿದ್ದಾರೆ. ಇದುವರೆಗೆ ಒಂದು ಹನಿ ಒಳಗೆ ಬಂದಿಲ್ಲ. ನನ್ನ ತೊಂದರೆ ಹೊರಗಿನ ನೀರಿನದಲ್ಲ, ಒಳಗಿನ ನೀರಿನದು.

ಮೊದಲ ಟ್ರಿಪ್ ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ. 9 ಮೀಟರ್ ಆಳ. ಗುಂಡು ಬಂಡೆಯಂಥ ಪೊರೈಟಿಸ್ ಹವಳ, ಅದರ ಮೇಲೊಂದು ಕ್ರಿಸ್‌ಮಸ್ ಟ್ರೀ ಹುಳ. ಹವಳದೊಳಗೆ ಸುಣ್ಣದ ಕೊಳವೆ ಕಟ್ಟಿಕೊಂಡು ಇಡೀ ಜೀವನ ಅಲ್ಲೇ ಕಳೆಯುವ ಹುಳ ಇದು. ಹೊರಗೆ ಕಾಣುವುದು ಪುಟ್ಟ ಎರಡು ಸುರುಳಿ ಗೊಂಚಲು ಮಾತ್ರ. ಅದರಿಂದಲೇ ಉಸಿರು, ಅದರಿಂದಲೇ ಊಟ. ನೆರಳು ಬಿದ್ದರೆ ಸಾಕು, ರೆಪ್ಪೆ ಬಡಿಯುವಷ್ಟರಲ್ಲಿ ಒಳಗೆ ಮಾಯ.

ಆಮೇಲೆ ಕಾಯಬೇಕು. ಕಾಲಿಗೆ ಹಾಕಿದ ಫಿನ್ ಹವಳಕ್ಕೆ ತಾಗದ ಹಾಗೆ, ಬರೀ ಉಸಿರಿನಲ್ಲೇ ಮೇಲೆ ಕೆಳಗೆ ಸರಿಮಾಡಿಕೊಳ್ಳುತ್ತಾ ತೇಲಬೇಕು. ಇಡೀ ಡೈವಿಂಗ್‌ನಲ್ಲಿ ನನಗೆ ಅತಿ ಇಷ್ಟದ ಹೊತ್ತು ಅದೇ. ನಮ್ಮದೇ ಗುಳ್ಳೆಗಳ ಸದ್ದು. ಅದರ ಹಿಂದೆ ಒಗ್ಗರಣೆಗೆ ಸಾಸಿವೆ ಸಿಡಿದಂತೆ ಸಣ್ಣಗೆ ಚಟಪಟ. ಅದು ಬಂಡೆ ಸಂದಿಯ ಸಿಗಡಿಗಳು ಇಕ್ಕಳದಂಥ ಕೊಂಡಿ ಬಡಿಯುವ ಸದ್ದು ಅಂತ ಗೊತ್ತಾದ ದಿನದಿಂದ ಕಿವಿಗೊಟ್ಟು ಕೇಳುತ್ತೇನೆ.

ಮೂರು ನಿಮಿಷ ಕಾದೆ. ಕೊಳವೆಯಿಂದ ಮೊದಲು ಒಂದು ತುದಿ ಇಣುಕಿತು. ಆಮೇಲೆ ಜಾತ್ರೆಯ ಗಿರಗಿಟ್ಲೆ ಬಿಚ್ಚಿಕೊಂಡ ಹಾಗೆ ಎರಡೂ ಸುರುಳಿ ಅರಳಿದವು. ಆ ಆಳದಲ್ಲಿ ನೀರು ಕೆಂಪು ಬಣ್ಣವನ್ನು ನುಂಗಿಬಿಟ್ಟಿರುತ್ತದೆ, ಎಲ್ಲವೂ ಬೂದು ಬೂದು. ಮೆಲ್ಲಗೆ ಟಾರ್ಚ್ ತಿರುಗಿಸಿದೆ. ಬ್ಯಾಡಗಿ ಮೆಣಸಿನಕಾಯಿಯ ಕೆಂಪು! ಖುಷಿಯಲ್ಲಿ ಸ್ಕ್ರೀನ್ ನೋಡಿದರೆ ಹುಳ ಇರಬೇಕಾದ ಜಾಗದಲ್ಲಿ ಬಿಳಿ ಮೋಡ. ಪೋರ್ಟ್‌ನ, ಅಂದರೆ ಲೆನ್ಸ್ ಮುಂದಿನ ಗಾಜಿನ ಒಳಗಡೆ, ಸರಿಯಾಗಿ ನಡುವೆ. ಕೈಗೆ ಸಿಗುವ ಜಾಗವೂ ಅಲ್ಲ, ಒರೆಸುವ ಹಾಗೂ ಇಲ್ಲ.

ಎರಡನೇ ಟ್ರಿಪ್‌ಗೆ ಪೋರ್ಟ್‌ನ ಒಳಗೆ ಬೇಬಿ ಶಾಂಪೂ ಸವರಿದೆ. ಮಾಸ್ಕ್‌ಗೆ ನಡೆಯುತ್ತದೆ, ಇಲ್ಲಿ ನಡೆಯಲಿಲ್ಲ. ಹಬೆಯ ಜೊತೆ ಗೆರೆಗಳೂ ಬಂದವು. ಮೂರನೇ ಟ್ರಿಪ್‌ಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಎರಡರ ಬದಲು ನಾಲ್ಕು ತುರುಕಿದೆ. ಆಗ ಆರನೇ ನಿಮಿಷಕ್ಕೇ ಹಬೆ! ಜಾಸ್ತಿ ಪೊಟ್ಟಣ ಹಾಕಿದ್ದಕ್ಕೆ ಜಾಸ್ತಿ ಹಬೆ. ನಾನು ಅಲ್ಲೇ ಎಚ್ಚರವಾಗಬೇಕಿತ್ತು.

ತಲೆ ಕೆಡಿಸಿದ್ದು ಇನ್ನೊಂದು ಸಂಗತಿ. ಮನೆಯಲ್ಲಿ ಎಷ್ಟು ಸಲ ಪರೀಕ್ಷೆ ಮಾಡಿದರೂ ಪಾಸ್. ಬಕೆಟ್ ನೀರಿನಲ್ಲಿ ಒಂದು ತಾಸು ಮುಳುಗಿಸಿ, ಕ್ಯಾಮೆರಾ ಆನ್ ಇಟ್ಟು, ಟಾರ್ಚ್ ಹಚ್ಚಿ ನೋಡಿದೆ. ನಮ್ಮ ನಲ್ಲಿ ನೀರು ಜನವರಿಯಲ್ಲಿ 23 ಡಿಗ್ರಿ, ಸಮುದ್ರಕ್ಕಿಂತ ತಣ್ಣಗೆ. ಅಂದರೆ ಇಲ್ಲೇ ಬೇಗ ಹಬೆ ಹಿಡಿಯಬೇಕು, ಅಲ್ವಾ? ಒಂದು ಚುಕ್ಕೆಯೂ ಇಲ್ಲ.

ಉತ್ತರ ಸಿಕ್ಕಿದ್ದು ಬಚ್ಚಲಮನೆಯಲ್ಲಿ. ಬಿಸಿನೀರು ಸ್ನಾನ ಆದಮೇಲೆ ಕನ್ನಡಿಗೆ ಹಬೆ ಕೂತಿತ್ತು, ಕೋಣೆಯಲ್ಲಿ ಬಿಟ್ಟ ಕನ್ನಡಕ ಮಾತ್ರ ಒಣಗಿ ನಿಂತಿತ್ತು. ಆಗ ಹೊಳೆಯಿತು. ನಾನು ಇಲ್ಲಿ ಹೌಸಿಂಗ್ ಮುಚ್ಚುವುದು ಹುಬ್ಬಳ್ಳಿಯ ಒಣ ಗಾಳಿಯಲ್ಲಿ. ಅಲ್ಲಿ ಮುಚ್ಚುವುದು ದೋಣಿಯ ಮೇಲೆ, ಒದ್ದೆ ಕೈಯಲ್ಲಿ. ಮುಚ್ಚಿದ್ದು ಗಾಳಿಯಲ್ಲ, ಗಾಳಿಯೊಳಗಿನ ನೀರು.

ಲೆಕ್ಕ ಹಾಕಿದೆ. ಕ್ಯಾಮೆರಾ ಕೂತಮೇಲೆ ನನ್ನ ಹೌಸಿಂಗ್‌ನಲ್ಲಿ ಉಳಿಯುವ ಗಾಳಿ ಸುಮಾರು 300 ಮಿಲಿಲೀಟರ್. 28 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 27 ಗ್ರಾಂ ನೀರಾವಿ ಹಿಡಿಯಬಲ್ಲದು. ಅದಕ್ಕಿಂತ ಹೆಚ್ಚಾದರೆ ತಣ್ಣಗಿನ ಗಾಜಿನ ಮೇಲೆ ಕೂರುತ್ತದೆ. ನನ್ನ 300 ಮಿಲಿಗೆ ಅದು 8 ಮಿಲಿಗ್ರಾಂ. ದೋಣಿಯಲ್ಲಿ ನನ್ನ ಪುಟ್ಟ ಮೀಟರ್ ತೋರಿಸಿದ್ದು 30 ಡಿಗ್ರಿ, ತೇವ 75 ಪ್ರತಿಶತ. ಅಂದರೆ ಮುಚ್ಚುವಾಗಲೇ ಒಳಗೆ 7 ಮಿಲಿಗ್ರಾಂ ಇತ್ತು. ಉಳಿದದ್ದು ಬರೀ 1 ಮಿಲಿಗ್ರಾಂ ಜಾಗ! ಒಂದು ಹನಿ ನೀರೇ ಸುಮಾರು 50 ಮಿಲಿಗ್ರಾಂ ತೂಗುತ್ತದೆ. ಹನಿಯ ಐವತ್ತರಲ್ಲಿ ಒಂದು ಪಾಲು ಎಲ್ಲಿಂದಲಾದರೂ ಬಂದರೆ ನನ್ನ ಹುಳದ ಫೋಟೋ ಹೋಯಿತು.

ಬರುವುದಕ್ಕೆ ದಾರಿಗಳು ಬೇಕಾದಷ್ಟು. ಕೈಪಟ್ಟಿಯ ದಾರ, ಬೆವರಿನ ಬೆರಳು, ಕ್ಯಾಮೆರಾದ ರಬ್ಬರ್ ಹಿಡಿಕೆ. ಆದರೆ ದೊಡ್ಡ ಕಳ್ಳ ಬೇರೆ ಇದ್ದ. ಅವನನ್ನು ನಾನೇ ಕಾವಲಿಗೆ ಕೂರಿಸಿದ್ದೆ.

ಟ್ರಿಪ್‌ನಿಂದ ವಾಪಸ್ ಬಂದ ಸಿಲಿಕಾ ಪೊಟ್ಟಣ ಒಂದನ್ನು ಗೆಳೆಯನ ಬಂಗಾರದ ಅಂಗಡಿಗೆ ಒಯ್ದು ಮಣಿಗಳನ್ನು ಮಾತ್ರ ತೂಗಿದೆ. 2.00 ಗ್ರಾಂ. ಮನೆಗೆ ತಂದು ಹಂಚಿನ ಮೇಲೆ ಒಂದೂವರೆ ತಾಸು ಸಣ್ಣ ಉರಿಯಲ್ಲಿ ಹುರಿದು, ಬಿಸಿ ಇರುವಾಗಲೇ ಡಬ್ಬಿಗೆ ಹಾಕಿ ಮತ್ತೆ ತೂಗಿದೆ. 1.58 ಗ್ರಾಂ. ಅಂದರೆ ಒಂದೇ ಪೊಟ್ಟಣದಲ್ಲಿ 420 ಮಿಲಿಗ್ರಾಂ ನೀರು! ಅದು ಹೊಟ್ಟೆ ತುಂಬ ಕುಡಿದು ಕೂತಿತ್ತು. ಇನ್ನು ಹೀರುವ ಮಾತೇ ಇಲ್ಲ. ದೋಣಿಯಲ್ಲಿ ಬಿಸಿಲಿಗೆ ಹೌಸಿಂಗ್ ಕಾದಾಗ ಕುಡಿದದ್ದನ್ನು ಒಳಗೇ ಬಿಡುತ್ತಿತ್ತು. ಇಳಿದ ಕೂಡಲೇ ಸಮುದ್ರ ಗಾಜನ್ನು ತಣ್ಣಗೆ ಮಾಡುತ್ತಿತ್ತು. ನಾಲ್ಕು ಪೊಟ್ಟಣ ಹಾಕಿದಾಗ ಬೇಗ ಹಬೆ ಬಂದದ್ದು ಯಾಕೆ ಅಂತ ಈಗ ತಿಳಿಯಿತು.

ಬಚ್ಚಲಲ್ಲೇ ಮತ್ತೆ ಪರೀಕ್ಷೆ ಮಾಡಿದೆ. ಬಿಸಿನೀರಿನ ಹಬೆಯಲ್ಲಿ ಹೌಸಿಂಗ್ ಮುಚ್ಚಿ, ಅರ್ಧ ತಾಸು ಮಾಳಿಗೆ ಬಿಸಿಲಲ್ಲಿಟ್ಟು, ಆಮೇಲೆ ಬಕೆಟ್‌ಗೆ. ಹಳೆ ಪೊಟ್ಟಣ ಹಾಕಿದಾಗ 6 ನಿಮಿಷಕ್ಕೆ ದಟ್ಟ ಹಬೆ. ಪೊಟ್ಟಣವೇ ಇಲ್ಲದಾಗ 15 ನಿಮಿಷಕ್ಕೆ ತೆಳ್ಳಗೆ. ಹುರಿದ ಮಣಿ ಹಾಕಿದಾಗ ಒಂದು ತಾಸಾದರೂ ಏನಿಲ್ಲ. ಆವತ್ತು ಬಚ್ಚಲಿಂದ ನಾನು ಕೂಗಿದ ಕೂಗಿಗೆ ಪಕ್ಕದ ಮನೆಯವರು ಬಾಗಿಲು ಬಡಿದರು.

ಇಲ್ಲಿ ಮಾರುವವರ ಬಗ್ಗೆ ಸ್ವಲ್ಪ ಹೇಳಲೇಬೇಕು. ಆನ್‌ಲೈನ್‌ನಲ್ಲಿ ತರಿಸಿದ ನೂರು ಪೊಟ್ಟಣದ ಚೀಲಕ್ಕೆ ಸರಿಯಾದ ಸೀಲೇ ಇರಲಿಲ್ಲ. ಬರುವ ದಾರಿಯಲ್ಲೇ ತೇವ ಕುಡಿದು ಬಂದಿದ್ದವು. ಆಮೇಲೆ ಬಣ್ಣ ಬದಲಿಸುವ ಮಣಿ ತರಿಸಿದೆ. ಒಣಗಿದ್ದಾಗ ಕಿತ್ತಳೆ, ತೇವ ಹಿಡಿದರೆ ಹಸಿರು. ಡಬ್ಬಿ ತೆರೆದರೆ ಪೂರ್ತಿ ಹಸಿರು! ಫೋನ್ ಮಾಡಿದರೆ "ಅದರ ಕಲರ್ ಹಂಗೇ ಇರುತ್ತೆ ಸರ್" ಅಂದರು. ಇಂಥ ಮಾತು ಕೇಳಿದರೆ ಸಿಟ್ಟು ಬರುತ್ತದೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಲಿ. ಕೊನೆಗೆ ಧಾರವಾಡದಲ್ಲಿ ಕಾಲೇಜು ಲ್ಯಾಬ್‌ಗಳಿಗೆ ಸಾಮಾನು ಕೊಡುವ ಅಂಗಡಿಯಲ್ಲಿ ಒಳ್ಳೆ ಮಾಲು ಸಿಕ್ಕಿತು. ನೀಲಿ ಮಣಿಯೂ ಇತ್ತು, ಬೇಡ ಅಂದೆ. ಅದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ವಿಷ. ಕಿತ್ತಳೆಯದಕ್ಕೂ ಬೇರೆಯೇ ಹಂಚು ಇಟ್ಟಿದ್ದೇನೆ. ರೊಟ್ಟಿ ಹಂಚು ಮುಟ್ಟಬೇಡಿ.

ಮೊದಲ ಸಲ ಬಿಳಿ ಮಣಿ ಹುರಿಯುವಾಗ ಅವ್ವ ಅಡುಗೆಮನೆಗೆ ಬಂದು, "ಸಾಬೂದಾಣಿ ಯಾಕ ಒಣಾನ ಹುರಿಯಾಕತ್ತೀಯೋ? ನೆನಿ ಹಾಕಬೇಕಲ್ಲ!" ಅಂದಳು. ಇದು ನೀರು ಕುಡಿಯುವ ಕಲ್ಲು ಅಂತ ವಿವರಿಸಿದೆ. ಎರಡು ನಿಮಿಷ ಕೇಳಿ, "ಹಂಗಾರ ಉಪ್ಪಿನ ಡಬ್ಬಿಗೆ ನಾ ಅಕ್ಕಿಕಾಳು ಹಾಕ್ತೀನಲ್ಲ, ಹಂಗ" ಅಂದಳು. ಹೌದವ್ವ, ಥೇಟ್ ಹಂಗ.

ಹಂಚಿನ ಮುಂದೆ ಒಂದೂವರೆ ತಾಸು ಕೈಯಾಡಿಸುತ್ತಾ ಕೂರಬೇಕಲ್ಲ, ಅಲ್ಲೇ ಮುಂದಿನ ಪ್ರಾಜೆಕ್ಟ್ ಹುಟ್ಟಿತು. ಡೋಮ್ ಪೋರ್ಟ್, ಅಂದರೆ ಗುಮ್ಮಟದಂಥ ಪೋರ್ಟ್! ಅರ್ಧ ನೀರಿನ ಮೇಲೆ, ಅರ್ಧ ನೀರಿನ ಕೆಳಗೆ ಕಾಣುವ ಫೋಟೋ ತೆಗೆಯಬೇಕು. ಮೇಲೆ ನೇತ್ರಾಣಿಯ ಕಡಿದಾದ ಬಂಡೆ, ಕೆಳಗೆ ಹವಳ, ಒಂದೇ ಚೌಕಟ್ಟಿನಲ್ಲಿ. ಚಪ್ಪಟೆ ಪೋರ್ಟ್‌ನಲ್ಲಿ ನೀರೊಳಗಿನದೆಲ್ಲ ಮೂರನೇ ಒಂದರಷ್ಟು ದೊಡ್ಡದಾಗಿ ಕಾಣುತ್ತದೆ, ಕೋನ ಕಿರಿದಾಗುತ್ತದೆ. ಡೋಮ್ ಇದ್ದರೆ ಆ ಕೋನ ವಾಪಸ್ ಸಿಗುತ್ತದೆ. ಸಿಸಿಟಿವಿ ಕ್ಯಾಮೆರಾದ ದೊಡ್ಡ ಅಕ್ರಿಲಿಕ್ ಡೋಮ್ ಒಂದನ್ನು ಆಗಲೇ ತಂದಿಟ್ಟಿದ್ದೇನೆ. ಪರೀಕ್ಷೆ ಬ್ಯಾಡಗಿ ಹತ್ತಿರದ ನಮ್ಮ ಸೋದರಮಾವನ ಕೃಷಿ ಹೊಂಡದಲ್ಲಿ. ಅಲ್ಲಿ ಹವಳ ಇಲ್ಲ, ಕಪ್ಪೆಗಳಿವೆ. ಕಪ್ಪೆ ಅರ್ಧ ಮೇಲೆ, ಅರ್ಧ ಕೆಳಗೆ ಕೂತ ಫೋಟೋ ಯೋಚಿಸಿ ನೋಡಿ! ಸರಿ, ಅದು ಮುಂದಿನ ಸಲ.

ಹುರಿದ ಮಣಿಯಿಂದ ಅರ್ಧ ಗೆದ್ದೆ. ಇನ್ನರ್ಧ ಹುಬ್ಬಳ್ಳಿಯ ಗಾಳಿಯದು. ಫೆಬ್ರವರಿಯ ಮಧ್ಯಾಹ್ನ ನಮ್ಮ ಮನೆಯಲ್ಲಿ 31 ಡಿಗ್ರಿ, ತೇವ 28 ಪ್ರತಿಶತ. ಅದೇ 300 ಮಿಲಿಯಲ್ಲಿ 3 ಮಿಲಿಗ್ರಾಂಗೂ ಕಡಿಮೆ ನೀರು. ಹಾಗಾದರೆ ಹೌಸಿಂಗ್ ಇಲ್ಲೇ ಯಾಕೆ ಮುಚ್ಚಬಾರದು? ಕ್ಯಾಮೆರಾವನ್ನು ಬ್ಯಾಟರಿ ಬಾಗಿಲು ತೆರೆದು ಎರಡು ದಿನ ಮಣಿಗಳ ಡಬ್ಬಿಯಲ್ಲಿಟ್ಟೆ. ಬ್ಯಾಟರಿ ತುಂಬಿಸಿ, ಖಾಲಿ ಕಾರ್ಡ್ ಹಾಕಿ, ಕೈಪಟ್ಟಿ ಬಿಚ್ಚಿ, ಶನಿವಾರ ಮಧ್ಯಾಹ್ನ ಎರಡಕ್ಕೆ ಮುಚ್ಚಿದೆ. ಎರಡನೇ ಡೈವ್ ಮುಗಿಯುವವರೆಗೆ ತೆರೆಯುವಂತಿಲ್ಲ. ಸ್ಕ್ರೀನ್ ಬೆಳಕು ಕಡಿಮೆ, ವಿಡಿಯೋ ಇಲ್ಲ.

ಅರಬೈಲ್ ಘಟ್ಟ ಇಳಿದಮೇಲೆ ಒಂದು ಚಂದದ ಸಂಗತಿ ನಡೆಯಿತು. ಯಲ್ಲಾಪುರದಲ್ಲಿ ಅರ್ಧ ಕುಡಿದು ಮುಚ್ಚಿಟ್ಟ ನೀರಿನ ಬಾಟಲಿ ಅಂಕೋಲಾ ಹತ್ತಿರ ತಾನಾಗಿ ನೆಗ್ಗಿತ್ತು. ಪಕ್ಕದಲ್ಲಿ ಹೌಸಿಂಗ್. ಎರಡನ್ನೂ ನೋಡುತ್ತಾ ಕೂತೆ. ಹುಬ್ಬಳ್ಳಿ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರ. ಅಲ್ಲಿನ ಗಾಳಿಯ ಒತ್ತಡ ಕರಾವಳಿಗಿಂತ ನೂರಕ್ಕೆ ಏಳರಷ್ಟು ಕಡಿಮೆ. ಬಾಟಲಿಯನ್ನು ನೆಗ್ಗಿಸಿದ ಒತ್ತಡವೇ ಹೌಸಿಂಗ್‌ನ ಹಿಂಬಾಗಿಲನ್ನೂ ಒತ್ತುತ್ತಿತ್ತು. ಅಂಗೈಗಿಂತ ಸ್ವಲ್ಪ ದೊಡ್ಡ ಬಾಗಿಲು, ಲೆಕ್ಕ ಹಾಕಿದರೆ ಹತ್ತು ಕೆಜಿ ಹೇರಿದ ಹಾಗೆ. ಬಾಗಿಲು ಹೀಗೆ ಬಿಗಿಯಾಗಿ ಕೂರಲಿ ಅಂತ ಜನ ದುಡ್ಡು ಕೊಟ್ಟು ವ್ಯಾಕ್ಯೂಮ್ ಪಂಪ್ ಹಾಕಿಸುತ್ತಾರೆ. ನಮಗೆ ಘಟ್ಟ ಇಳಿದರೆ ಪುಕ್ಕಟೆ.

ಬೆಳಿಗ್ಗೆ ಮುರುಡೇಶ್ವರದಿಂದ ದೋಣಿ. ಹೌಸಿಂಗ್‌ಗೆ ಒದ್ದೆ ಟವೆಲ್ ಸುತ್ತಿ ನೆರಳಲ್ಲಿಟ್ಟೆ. ದ್ವೀಪದ ಹತ್ತಿರ ನೀರು ತಿಳಿಯಾಗಿತ್ತು. ಬಂಡೆ ಸಂದಿಯಲ್ಲಿ ಸಿಂಹಮೀನು ರೆಕ್ಕೆ ಬಿಚ್ಚಿಕೊಂಡು ತಲೆಕೆಳಗಾಗಿ ನಿಂತಿತ್ತು. ನೋಡಿ ಮುಂದೆ ಹೋದೆ, ನನಗೆ ಬೇಕಾದದ್ದು ಬೇರೆ. ಅದೇ ಪೊರೈಟಿಸ್ ಹವಳ ಹುಡುಕಲು ಹನ್ನೊಂದು ನಿಮಿಷ ಬೇಕಾಯಿತು. ಹುಳ ಅಲ್ಲೇ ಇತ್ತು. ಎಲ್ಲಿಗೆ ಹೋದೀತು! ನನ್ನ ನೆರಳಿಗೆ ಒಳಗೆ ಸೇರಿತು. ಕಾದೆ. ಸಿಲಿಂಡರ್‌ನ ಗಾಳಿ ತೋರಿಸುವ ಗೇಜ್ 120 ಬಾರ್‌ನಿಂದ 110ಕ್ಕೆ ಇಳಿಯಿತು. ತುದಿ ಇಣುಕಿತು, ಸುರುಳಿ ಬಿಚ್ಚಿತು, ಟಾರ್ಚ್ ತಿರುಗಿಸಿದೆ.

ಸ್ಕ್ರೀನ್ ಸ್ವಚ್ಛ. ಸುರುಳಿಯ ಒಂದೊಂದು ಎಳೆಯೂ ಬೇರೆ ಬೇರೆ. ಎಳೆಯ ಮೇಲಿನ ಸಣ್ಣ ರೋಮಗಳೂ ಕಂಡವು. ಎರಡು ಸುರುಳಿಗಳ ನಡುವೆ ಕೊಳವೆಯ ಪುಟ್ಟ ಮುಚ್ಚಳ, ಅದರ ಮೇಲೆ ಜಿಂಕೆಕೊಂಬಿನಂಥ ಕವಲು. ಅದು ಇದೆ ಅಂತಲೇ ನಾನು ಇದುವರೆಗೆ ಗಮನಿಸಿರಲಿಲ್ಲ. ಉಸಿರಾಟದ ರೆಗ್ಯುಲೇಟರ್ ಕಚ್ಚಿಕೊಂಡೇ ಜೋರಾಗಿ ನಕ್ಕೆ, ಮಾಸ್ಕ್ ಒಳಗೆ ನೀರು ಬಂತು.

ಸಂಜೆ ಲಾಡ್ಜ್‌ನಲ್ಲಿ ಲ್ಯಾಚ್ ಬಿಚ್ಚಿದರೂ ಹಿಂಬಾಗಿಲು ಅಲುಗಲಿಲ್ಲ. ಇಪ್ಪತ್ತೆಂಟು ತಾಸು, ಎರಡು ಡೈವ್ ಆದರೂ ಆ ಒತ್ತಡ ಹಾಗೇ ಉಳಿದಿತ್ತು. ಅಂಚಿಗೆ ನಾಣ್ಯ ಸಿಕ್ಕಿಸಿ ಮೀಟಿದಾಗ "ಸುಸ್" ಅಂತ ಸಮುದ್ರದ ಗಾಳಿ ಒಳಗೆ ನುಗ್ಗಿತು.

ಇನ್ನು ಒಂದು ಕೆಲಸ ಬಾಕಿ. ಇಳಿಯುವ ಮೊದಲೇ ಆ ಒತ್ತಡ ಉಳಿದಿದೆಯೋ ಇಲ್ಲವೋ ಅಂತ ಹೊರಗಿನಿಂದ ಗೊತ್ತಾಗಬೇಕು. ಅದಕ್ಕೆ ಒಳಗೆ ಒಂದು ಬಿಎಂಇ280 ಸೆನ್ಸರ್, ಒಂದು ಹಸಿರು ಎಲ್‌ಇಡಿ. ಒತ್ತಡ, ತೇವ ಎರಡೂ ತಿಳಿಯುತ್ತದೆ. ಆರ್ಡರ್ ಮಾಡಿದ್ದೆ, ಬಂದದ್ದು ಬಿಎಂಪಿ280, ತೇವ ಅಳೆಯುವುದಿಲ್ಲ. ವಾಪಸ್ ಕಳಿಸಿದ್ದೇನೆ. ಮಣಿಗಳು ಇನ್ನೂ ಕಿತ್ತಳೆ ಬಣ್ಣದಲ್ಲೇ ಇವೆ. ಆದರೂ ನಾಳೆ ಮತ್ತೆ ಹಂಚಿಗೆ ಹಾಕುತ್ತೇನೆ.